ವಲಸೆ ಕುಟುಂಬಗಳನ್ನು ಒಳಗೊಳ್ಳುವ ನೀತಿ: ಕರಡಿನಲ್ಲಿ ಏನಿರಬೇಕು?

ಪ್ರಶ್ನೆ (ಕಲಬುರಗಿ)
ಮಾನ್ಯರೇ, ಮಕ್ಕಳಿಗೆ ಸಂಜೆಪಾಠವನ್ನೂ ಮಹಿಳೆಯರಿಗೆ ಹೊಲಿಗೆ ತರಬೇತಿಯನ್ನೂ ನಡೆಸುವ ಸಣ್ಣ ಸಂಸ್ಥೆ ನಮ್ಮದು. ಬೇಳೆ ಮಿಲ್ಲು ಹಾಗೂ ಕಟ್ಟಡದ ಕೆಲಸಕ್ಕೆಂದು ಬಿಹಾರ, ಒಡಿಶಾಗಳಿಂದ ಬಂದ ಕುಟುಂಬಗಳು ಈಗ ನಮ್ಮಲ್ಲಿಗೂ ಬರುತ್ತಿವೆ. ಅವರಿಗಾಗಿ ಲಿಖಿತ ನೀತಿ ರೂಪಿಸಲು ಹೊರಟರೆ, ನಾನು ಬರೆದ ಕರಡಿನಲ್ಲಿ ‘ಯಾರಲ್ಲೂ ಭೇದ ಎಣಿಸುವುದಿಲ್ಲ’ ಎಂಬುದರ ಹೊರತು ಏನೂ ಉಳಿಯುತ್ತಿಲ್ಲ. ನಮ್ಮ ಕಲ್ಯಾಣ ಕರ್ನಾಟಕ ಭಾಗದ ಸ್ಥಳೀಯರಿಗೆ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಗೆ ಇದು ವಿರುದ್ಧವಾಗದೇ ಎಂದು ಸಮಿತಿಯ ಹಿರಿಯರೊಬ್ಬರು ಬೇರೆ ಕೇಳಿದ್ದಾರೆ.

ಉತ್ತರ 1 (ಯಾದಗಿರಿ, ನಿವೃತ್ತ ಮುಖ್ಯಗುರು)
ಹಿರಿಯರಿಗೆ ಧೈರ್ಯ ಹೇಳಿ. 98ನೇ ತಿದ್ದುಪಡಿಯಿಂದ ಬಂದ ಆ ವಿಧಿಯ ಮೀಸಲಾತಿ ಸರ್ಕಾರಿ ನೌಕರಿಗೂ ಶಿಕ್ಷಣ ಸಂಸ್ಥೆಗಳ ಸೀಟುಗಳಿಗೂ ಸಂಬಂಧಿಸಿದ್ದೇ ಹೊರತು ನಿಮ್ಮ ಹೊಲಿಗೆ ಯಂತ್ರಕ್ಕಲ್ಲ. ನಿಜವಾದ ತೊಡಕಿರುವುದು ಕಾಗದಪತ್ರಗಳಲ್ಲಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ವರ್ಗಾವಣೆ ಪತ್ರ ತಡವಾಯಿತೆಂದಾಗಲಿ ವಯಸ್ಸಿನ ದಾಖಲೆ ಇಲ್ಲವೆಂದಾಗಲಿ 6ರಿಂದ 14 ವರ್ಷದ ಮಗುವಿಗೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ತಿಳಿದೂ, ಟಿ.ಸಿ. ತನ್ನಿ ಎಂದು ಒಬ್ಬ ತಂದೆಯನ್ನು ನಾನೇ ಎರಡು ಸಲ ಹಿಂದಕ್ಕೆ ಕಳುಹಿಸಿದ್ದೆ. ಮೂರನೆಯ ಸಲ ಅವರು ಬರಲಿಲ್ಲ. ಆದ್ದರಿಂದ ಪಾಲಕರ ಜೊತೆ ಶಾಲೆಗೆ ಹೋಗುವ ಹೊಣೆ ನಿಮ್ಮಲ್ಲಿ ಯಾರದ್ದು ಎಂಬುದನ್ನು ನೀತಿಯಲ್ಲೇ ಬರೆಯಿರಿ. ‘ಒಂದು ದೇಶ ಒಂದು ಪಡಿತರ ಚೀಟಿ’ ವ್ಯವಸ್ಥೆಯಲ್ಲಿ ಊರಿನ ಚೀಟಿಯ ಮೇಲೆ ಇಲ್ಲಿಯೇ ಧಾನ್ಯ ಪಡೆಯಬಹುದೆಂಬುದನ್ನೂ ಅವರಿಗೆ ತಿಳಿಸಬೇಕು.

ಉತ್ತರ 2 (ಸೇಡಂ ತಾಲ್ಲೂಕು)
ಗುರುಗಳ ಮಾತಿಗೆ ನನ್ನದೊಂದು ಸೇರ್ಪಡೆ. ಅಪ್ಪ ಅವ್ವನ ಜೊತೆ ಪುಣೆಗೆ ಗುಳೆ ಹೋಗಿ ಬೆಳೆದವಳು ನಾನು. ಅಲ್ಲಿ ಸಹಾಯಕ್ಕೆ ಬಂದವರೆಲ್ಲ ನಮ್ಮನ್ನು ಬಿಟ್ಟು ಮುಕಾದಮನ (ಕೂಲಿಯವರನ್ನು ಕರೆತರುವ ಮೇಸ್ತ್ರಿಯ) ಹತ್ತಿರ ಮಾತಾಡಿ ಹೋಗುತ್ತಿದ್ದರು. ಅವನಿಗೆ ಬೇಡವಾದ ವಿಷಯ ನಮ್ಮ ಕಿವಿಗೆ ಬೀಳುತ್ತಿರಲಿಲ್ಲ. ನಮ್ಮ ಭಾಗದಲ್ಲಿ ಬಜಾರಿನ ಹಿಂದಿ, ದಖನಿ ಎಲ್ಲರಿಗೂ ಬರುವುದರಿಂದ ಭಾಷೆಯ ಸಮಸ್ಯೆಯೇ ಇಲ್ಲವೆಂದು ತಿಳಿಯಬೇಡಿ: ಮಾತು ನಡೆಯುತ್ತದೆ, ಆದರೆ ಕನ್ನಡದ ಅರ್ಜಿ ಅವರ ಕೈಯಲ್ಲಿ ಹಾಗೆಯೇ ಉಳಿಯುತ್ತದೆ. ಒಡಿಶಾದ ಹೆಣ್ಣುಮಕ್ಕಳಲ್ಲಿ ಹಲವರಿಗೆ ಹಿಂದಿಯೂ ಅಷ್ಟಕ್ಕಷ್ಟೇ. ಕರಡನ್ನು ಓದಿ ಹೇಳಿ ಅವರ ಅಭಿಪ್ರಾಯ ಪಡೆಯಿರಿ, ಸಮಿತಿಯಲ್ಲಿ ಅವರಲ್ಲೊಬ್ಬ ಹೆಣ್ಣುಮಗಳಿರಲಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಕೃತಜ್ಞತೆಗಳು. ನಮ್ಮ ಸಭೆ ಮಧ್ಯಾಹ್ನ ಮೂರಕ್ಕೆ ಸೇರುತ್ತದೆ. ಕೂಲಿ ಬಿಟ್ಟು ಆ ಹೊತ್ತಿಗೆ ಯಾರೂ ಬರಲಾರರು. ಮೊದಲು ಸಭೆಯ ಹೊತ್ತನ್ನೇ ರಾತ್ರಿ ಎಂಟಕ್ಕೆ ಬದಲಿಸಿ, ಆಮೇಲೆ ಕರಡಿಗೆ ಕೈ ಹಾಕುತ್ತೇವೆ.