ಸಹಾಯ ಬೇಕು: ಹಾರ್ಡ್ ಡಿಸ್ಕ್ ಇಜೆಕ್ಟ್ ಆಗುತ್ತಿಲ್ಲ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಜ್ಜಿಯ ಹಳೇ ಫೋಟೋಗಳೆಲ್ಲ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿವೆ, ಬೇರೆ ಕಾಪಿ ಇಲ್ಲ. ನಾಲ್ಕು ದಿನದಿಂದ ವಿಂಡೋಸ್ ಕಂಪ್ಯೂಟರ್‌ನಲ್ಲಿ ಇಜೆಕ್ಟ್ (ಡಿಸ್ಕನ್ನು ಸುರಕ್ಷಿತವಾಗಿ ತೆಗೆಯುವ ಆಯ್ಕೆ) ಕೊಟ್ಟರೆ ಡಿಸ್ಕ್ ಬಳಕೆಯಲ್ಲಿದೆ ಅಂತಲೇ ಬರುತ್ತದೆ. ಫೈಲ್, ಫೋಲ್ಡರ್ ಎಲ್ಲ ಮುಚ್ಚಿದ್ದೇನೆ. ಆದರೂ ನೀಲಿ ದೀಪ ಮಿಣುಕುತ್ತಲೇ ಇದೆ, ಕೈ ಇಟ್ಟರೆ ಒಳಗೆ ತಿರುಗುವುದು ಗೊತ್ತಾಗುತ್ತದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಏನೂ ತಿಳಿಯಲಿಲ್ಲ. ವಿಂಡೋಸ್ ದಾಖಲಿಸಿಡುವ ದೋಷ, ಎಚ್ಚರಿಕೆಗಳನ್ನು ತೋರಿಸುವ ಇವೆಂಟ್ ವ್ಯೂವರ್‌ನಲ್ಲಿ 225 ನಂಬರಿನ ಎಚ್ಚರಿಕೆ ಸಿಕ್ಕಿತು. ಇಜೆಕ್ಟ್ ತಡೆಯುತ್ತಿರುವುದು 'ಸಿಸ್ಟಮ್' (ಅಂದರೆ ವಿಂಡೋಸ್‌ನದೇ ಒಳಭಾಗ), ಪ್ರೋಸೆಸ್ ಐಡಿ 4 ಅಂತಿದೆ. ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಸಿಸ್ಟಮನ್ನೇ ಮುಚ್ಚೋಕಾಗಲ್ಲ ಅಲ್ವಾ?

ಸದ್ಯ ಶಟ್‌ಡೌನ್ ಮಾಡಿಯೇ ತೆಗೆಯುತ್ತಿದ್ದೇನೆ. ಮಳೆ ಜಾಸ್ತಿಯಾದರೆ ಇಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ, ಡಿಸ್ಕ್ ಸಿಕ್ಕಿಸಿಡಲು ಭಯ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 'ಆಫ್‌ಲೈನ್' (ವಿಂಡೋಸ್ ಆ ಡಿಸ್ಕ್ ಬಳಸದಂತೆ ಮಾಡುವ ಆಯ್ಕೆ) ಕೊಟ್ಟು ಕೇಬಲ್ ಎಳೆದರೆ ಫೋಟೋಗಳಿಗೆ ಏನೂ ಆಗುವುದಿಲ್ಲವಾ? ಹಾಗೆ ಮಾಡಿ ನೋಡಿದವರು ದಯವಿಟ್ಟು ತಿಳಿಸಿ.