ಸೀನನ ಕಾರಿಗೆ ಕೊಬ್ಬರಿ ಎಣ್ಣೆ ಟೈರು

ಸೀನ ಜುಲೈನಲ್ಲಿ ಮರುಭೂಮಿಯ ಫೀನಿಕ್ಸ್‌ನಿಂದ ಸಿಯಾಟಲ್‌ಗೆ ಬಂದಾಗ ಜೊತೆಗೆ ಎರಡು ವಸ್ತು ತಂದಿದ್ದ: ಒಂದು ಸೆಕೆಂಡ್ ಹ್ಯಾಂಡ್ ಕೆಂಪು ಮಿಯಾಟಾ ಸ್ಪೋರ್ಟ್ಸ್ ಕಾರು, ಇನ್ನೊಂದು ಅದರ ಬಗ್ಗೆ ನಿಲ್ಲದ ಮಾತು. ಎರಡೇ ಸೀಟು, ಮಡಚೋ ಟಾಪು, ಎಂಜಿನ್ನಿನ ಜೋರೆಲ್ಲ ಹಿಂದಿನ ಚಕ್ರಕ್ಕೆ. ನವೆಂಬರ್‌ವರೆಗೂ ಎಲ್ಲ ಸರಿಯಿತ್ತು. ಒಂದು ಶನಿವಾರ ಸಂಜೆ ನಾನು ಮೆಣಸಿನಕಾಯಿ ಬಜ್ಜಿ ಕರೀತಿದ್ದಾಗ ಒದ್ದೆಯಾಗಿ ಒಳಗೆ ಬಂದ.

"ಲೋ, ಬೆಳಿಗ್ಗೆ ಸಿಗ್ನಲ್ಲು ಹಸಿರಾಯ್ತು, ಆಕ್ಸಿಲರೇಟರ್ ಒತ್ತಿದೆ. ಕಾರಿನ ಮುಂಭಾಗ ನೇರ ಹೋಯ್ತು. ಹಿಂಭಾಗ ಮಾತ್ರ ಪಕ್ಕದ ಲೇನಿನವರನ್ನ ಮಾತಾಡಿಸಿಕೊಂಡು ಆಮೇಲೆ ಬಂತು."

"ಎಂಥದು ಮಾರಾಯ, ಇದೂ ಒಂದು ಮಳೆಯಾ?" ಅಂದ್ರು ಭಟ್ರು. ತೀರ್ಥಹಳ್ಳಿಯವರು, ಆಗುಂಬೆಗಿಂತ ಕಡಿಮೆ ಸುರಿಯೋದನ್ನ ಮಳೆ ಅಂತ ಒಪ್ಪೋರಲ್ಲ. "ನಮ್ಮಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟ್ತದೆ. ಇಲ್ಲಿ ಸಾವಿರ ಆದ್ರೆ ಹೆಚ್ಚು. ನಿಮ್ಮ ಬೆಂಗಳೂರಿಗೂ ಅಷ್ಟೇ ಬೀಳೋದು."

ಮಾತು ನಿಜ. ಆದರೆ ಬೆಂಗಳೂರಿನ ಮಳೆ ಸಂಜೆ ಒಂದು ಗಂಟೆ ರುದ್ರತಾಂಡವ ಆಡಿ ಮನೆಗೆ ಹೋಗತ್ತೆ. ಇಲ್ಲಿನದು ಬಾಡಿಗೆ ಕೊಡದೆ ಕೂತ ನೆಂಟ. ಅಷ್ಟೇ ನೀರನ್ನ ವರ್ಷದ ಸುಮಾರು 150 ದಿನಕ್ಕೆ ಹಂಚಿ, ಜಿಟಿಜಿಟಿ ಅಂತ ರಸ್ತೆ ಒಣಗೋಕೇ ಬಿಡಲ್ಲ.

"ಫೀನಿಕ್ಸ್‌ನವರು ಹಾಕಿದ್ದು ಬೇಸಿಗೆ ಟೈರು," ಅಂದ ಸೀನ. "ಮಳೆಗೆ ಆಗಲ್ಲ."

"ಮಳಿಗೆ ಆಗತೈತಿ, ಥಂಡಿಗೆ ಆಗಂಗಿಲ್ಲ," ಅಂದ ಹುಬ್ಬಳ್ಳಿಯ ಬಸ್ಯಾ, ಬಜ್ಜಿ ಬಾಯಲ್ಲಿ ಇಟ್ಕೊಂಡೇ. "ಛಲೋ ಬೇಸಗಿ ಟೈರು ಜುಲೈದಾಗಿನ ಮಳಿಯಾಗ ಗಟ್ಟಿ ಹಿಡೀತೈತಿ. 7 ಡಿಗ್ರಿ ಕೆಳಗ ಇಳೀತಂದ್ರ ರಬ್ಬರು ಬಿರುಸಾಗಿ ಕಟಗಿ ಆಗತೈತಿ."

ಈ ಮಾತು ನಾನು ಹತ್ತು ಜನಕ್ಕೆ ಹೇಳಿ ಸೋತಿದ್ದೀನಿ. ಬೇಸಿಗೆ ಟೈರು ಅಂದ್ರೆ ಒಣ ರಸ್ತೆ ಟೈರು ಅಂತಲೇ ಎಲ್ಲರ ಲೆಕ್ಕ. ಹಾಗಾಗಿ ಅಡುಗೆಮನೆ ಕಪಾಟು ತೆಗೆದು ಕೊಬ್ಬರಿ ಎಣ್ಣೆ ಬಾಟ್ಲಿ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟೆ. ಒಂದು ಹನಿ ಬೀಳಲಿಲ್ಲ. ಪಕ್ಕದಲ್ಲಿ ಎಳ್ಳೆಣ್ಣೆ. ಅದು ಸೆಪ್ಟೆಂಬರಿನಲ್ಲಿ ಹೇಗಿತ್ತೋ ಹಾಗೇ ಇತ್ತು.

"ನಿನ್ನ ಟೈರು ಕೊಬ್ಬರಿ ಎಣ್ಣೆ, ಚಳಿಗಾಲದ ಟೈರು ಎಳ್ಳೆಣ್ಣೆ. ರಬ್ಬರಿನ ಪಾಕವೇ ಬೇರೆ."

"ಹಂಗಾದ್ರೆ ಚಳಿಗಾಲದ್ದೇ ಹಾಕಿಸ್ತೀನಿ."

"ತಡಿ ಮಾರಾಯ," ಅಂದ್ರು ಭಟ್ರು. "ಇಲ್ಲಿ ಜನವರಿಯಲ್ಲೂ ಬೆಳಗಿನ ಜಾವ 3 ಡಿಗ್ರಿ, ಮಧ್ಯಾಹ್ನ 8-9. ಎಳ್ಳೆಣ್ಣೆ ಟೈರಿಗೆ ಇದು ಸೆಖೆಯೇ. ಹಿಮಕ್ಕೆ ಅಂತ ಮಾಡಿದ್ದು ಬರೀ ಒದ್ದೆ ರಸ್ತೆಯಲ್ಲಿ ಮೆತ್ತಗೆ ಕುಣೀತದೆ, ಬ್ರೇಕ್ ಹಾಕಿದ್ರೆ ನಿಲ್ಲೋಕೂ ಜಾಸ್ತಿ ದೂರ ಬೇಕು, ಬೇಗ ಸವೀತದೆ. ಎರಡು ಸೆಟ್ಟು ಇಟ್ಕೋ."

"ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟು ಭಟ್ರೇ. ನಾಲ್ಕು ಟೈರು ಎಲ್ಲಿಡ್ಲಿ?"

"ಬಾಲ್ಕನೀಲಿ ಮಡಗ್ಲಾ," ಅಂದ್ರು ಸೋಫಾದಿಂದ ಸೀನನ ಅಮ್ಮ. ಮಂಡ್ಯದವರು, ಆರು ತಿಂಗಳ ವೀಸಾದಲ್ಲಿ ಬಂದವರು. ಎರಡು ಸೀಟಿನ ಕಾರಿನ ಮೇಲೆ ಮೊದಲ ದಿನದಿಂದ ಸಿಟ್ಟು. "ಅದ್ರ ಮ್ಯಾಲೆ ಮೊರ ಇಟ್ಟು ಸಂಡಿಗೆ ಒಣಗಿಸ್ತೀನಿ."

"ಬಿಸಿಲು ಎಲ್ಲಮ್ಮ ಇಲ್ಲಿ?"

"ಬಿಸಿಲಿಲ್ದಿದ್ ಮ್ಯಾಕೆ ಆ ಕಾರು ಯಾಕ್ಲಾ?"

ಇದಕ್ಕೆ ಮಾತ್ರ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಉಳಿದಿದ್ದು ಎಲ್ಲ ಕಾಲದ ಟೈರು. ಸ್ಪೋರ್ಟ್ಸ್ ಕಾರಿನವರು ಅದನ್ನ ಕೇಳಿದ್ರೆ ಮೂಗು ಮುರೀತಾರೆ, ಸೀನನೂ ಮುರಿದ. ಆದರೆ ಅದರಲ್ಲೂ ವೇಗದ ಗಾಡಿಗೆ ಅಂತಲೇ ಮಾಡಿದ ಜಾತಿ ಬೇರೆ ಇದೆ: ಮಿಶೆಲಿನ್ ಪೈಲಟ್ ಸ್ಪೋರ್ಟ್ ಆಲ್ ಸೀಸನ್ 4, ಕಾಂಟಿನೆಂಟಲ್ ಡಿಡಬ್ಲ್ಯೂಎಸ್ 06 ಪ್ಲಸ್. ಈ ಎರಡನೆಯದರ ಮೇಲೆ ಡಿ, ಡಬ್ಲ್ಯೂ, ಎಸ್ ಅಂತ ಅಕ್ಷರ ಕೆತ್ತಿರ್ತಾರೆ. ಒಣ ರಸ್ತೆ, ಒದ್ದೆ ರಸ್ತೆ, ಹಿಮ. ಟೈರು ಸವೆದ ಹಾಗೆ ಮೊದಲು ಎಸ್ ಅಳಿಸತ್ತೆ, ಆಮೇಲೆ ಡಬ್ಲ್ಯೂ.

"ಬರೀ ಡಿ ಉಳೀತಂದ್ರ ಫೀನಿಕ್ಸ್‌ಗೆ ವಾಪಸ್ ಹೋಗೂದು," ಅಂದ ಬಸ್ಯಾ.

"ಹಿಮ ಬಿದ್ರೆ?" ಸೀನನಿಗೆ ಯಾರೋ 2019ರ ಫೆಬ್ರವರಿಯ ಹಿಮಪಾತದ ಕಥೆ ಹೇಳಿ ಹೆದರಿಸಿದ್ದರು.

"ಟೈರಿನ ಮೇಲೆ ಎಂ ಪ್ಲಸ್ ಎಸ್, ಅಂದ್ರೆ ಕೆಸರು-ಹಿಮ, ಅಂತ ಬರೆದಿದ್ರೆ ನಂಬಬೇಡ, ಅದು ಗೆರೆಗಳ ಆಕಾರ ನೋಡಿ ಕೊಟ್ಟ ಬಿರುದು. ಮೂರು ಶಿಖರದ ಬೆಟ್ಟ, ಒಳಗೆ ಹಿಮದ ಹರಳು, ಆ ಚಿತ್ರ ಇದ್ರೆ ಹಿಮದಲ್ಲಿ ಓಡಿಸಿ ಪರೀಕ್ಷೆ ಮಾಡಿದ್ದು. ಸ್ನೋಕ್ವಾಲ್ಮಿ ಘಾಟಿ ಹತ್ತಬೇಕು ಅಂದ್ರೆ ನಮ್ಮ ವ್ಯಾನಲ್ಲಿ ಬಾ," ಅಂದ್ರು ಭಟ್ರು, ಎದೆಯುಬ್ಬಿಸಿ. "ನಾನು ದಿನಾ 520 ಸೇತುವೆ ದಾಟೋನು."

ಆ ಸೇತುವೆ ಸರೋವರದ ಮೇಲೆ ತೇಲ್ತಾ ನಿಂತಿದೆ. ಜಗತ್ತಿನಲ್ಲೇ ಉದ್ದದ ತೇಲು ಸೇತುವೆ. ಅದು ತೇಲೋದು ಸರಿ, ಮೇಲಿರೋ ಕಾರೂ ತೇಲಬಾರದು. ಟೈರಿನ ಗೆರೆಗಳು ಕಾಲುವೆ ಇದ್ದ ಹಾಗೆ, ನೀರನ್ನ ಆಚೆ ನೂಕಬೇಕು. ಕಾಲುವೆ ಹೂತುಹೋದ್ರೆ ವೇಗದಲ್ಲಿ ಚಕ್ರ ನೀರಿನ ಮೇಲೆ ಕೂತುಬಿಡತ್ತೆ, ಸ್ಟೀರಿಂಗು ಕೈಯಲ್ಲಿ ಅಲಂಕಾರಕ್ಕೆ.

"ಹವಾಯ್ ಚಪ್ಲಿ ಸವೆದ್ರೆ ಬಚ್ಚಲಲ್ಲಿ ಜಾರಾಕಿಲ್ವಾ?" ಅಂದ್ರು ಅಮ್ಮ. "ಮುಕ್ಕಾಲು ಗಂಟೆಯಿಂದ ಎಣ್ಣೆ ಪುರಾಣ ಏಳ್ತಾ ಇದೀರಲ್ಲ, ಇರೋ ಟೈರ್ ಎಂಗದೆ ಅಂತ ಯಾರಾದ್ರೂ ಬಗ್ಗಿ ನೋಡಿದ್ರಾ?"

ಫೋನಿನ ಬೆಳಕು, ಒಂದು ಕೊಡೆ, ಒಂದು ಪೆನ್ನಿ ಹಿಡ್ಕೊಂಡು ನಾಲ್ವರೂ ಹೊರಗೆ ಹೋದ್ವಿ. ನಾಣ್ಯದ ಲಿಂಕನ್ನನ್ನ ತಲೆಕೆಳಗೆ ಮಾಡಿ ಗೆರೆಯೊಳಗೆ ಇಳಿಸಬೇಕು. ನೆತ್ತಿ ಪೂರಾ ಕಂಡ್ರೆ 1.6 ಮಿಲಿಮೀಟರ್‌ಗಿಂತ ಕಡಿಮೆ, ಕಾನೂನಿಗೇ ಸಲ್ಲದು. ಮಳೆಗೆ ಅದರ ಇಮ್ಮಡಿಯಾದ್ರೂ ಬೇಕು. ಸೀನನ ಹಿಂದಿನ ಟೈರಲ್ಲಿ ಲಿಂಕನ್ನು ನೆತ್ತಿ ತೋರಿಸಿಕೊಂಡು ನಿಂತ. ಟೈರಿನ ಪಕ್ಕೆಯಲ್ಲಿ ಅಚ್ಚಾದ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 2317, ಅಂದ್ರೆ 2017ರ 23ನೇ ವಾರದ ಮಾಲು.

"ಸೀನ್ಯಾ, ಇದು ಬೇಸಗಿ ಟೈರೂ ಅಲ್ಲ, ಚಳಿಗಾಲದ್ದೂ ಅಲ್ಲ. ಬೋಳು ಟೈರು," ಅಂದ ಬಸ್ಯಾ. ಎದ್ದವನು ಸುಮ್ಮನಿರಲಾರದೆ ಅದೇ ಪೆನ್ನಿಯನ್ನ ಪಕ್ಕದಲ್ಲಿ ನಿಂತಿದ್ದ ಭಟ್ರ ವ್ಯಾನಿನ ಟೈರಿಗೂ ಇಳಿಸಿದ. ಸ್ವಲ್ಪ ಹೊತ್ತು ಮಾತಿಲ್ಲ.

"ಭಟ್ರ, ಇಲ್ಲೂ ಅವನ ನೆತ್ತಿನ ಕಾಣಾಕತ್ತೈತಿ."

ಭಟ್ರು ಕೊಡೆ ಮುಂದಕ್ಕೆ ಬಾಗಿಸಿಕೊಂಡರು. "ಆಗುಂಬೆ ಘಾಟಿಯಲ್ಲಿ ಇದಕ್ಕಿಂತ..." ಅಂತ ಶುರು ಮಾಡಿ ಅಲ್ಲಿಗೇ ಬಿಟ್ಟರು.

ಒಳಗೆ ಬಂದ್ವಿ. ಸೀನ ಫೋನಿನಲ್ಲಿ ತನ್ನ ಟೈರಿನ ಅಳತೆ 205/45 ಆರ್ 17 ಅಂತ ಹುಡುಕಿ, ಮೂಗು ಮುರಿಯದೆ ಎಲ್ಲ ಕಾಲದ ಟೈರಿಗೇ ಸೋಮವಾರದ ಹೊತ್ತು ಗೊತ್ತು ಮಾಡಿದ. ಭಟ್ರು ಅವನ ಹೆಗಲ ಮೇಲಿಂದ ಬಗ್ಗಿ, "ಅವರ ಹತ್ರ ವ್ಯಾನಿಂದೂ ಇರ್ತದಾ, ಕೇಳು" ಅಂದ್ರು. ಹೊರಗೆ ಮಳೆ ಜೋರಾಯ್ತು. ಮನೆಗೆ ಯಾರು ಯಾರ ಗಾಡೀಲಿ ಹೋಗೋದು ಅಂತ ಒಬ್ಬರ ಮುಖ ಒಬ್ಬರು ನೋಡ್ತಿದ್ದಾಗ ಅಮ್ಮ ಸೋಫಾ ಮೇಲೆ ಕಾಲು ಚಾಚಿದರು.

"ನಾ ಇಲ್ಲೇ ಮಲೀಕತ್ತೀನಿ. ಇನ್ನೊಂದ್ ಒಬ್ಬೆ ಬಜ್ಜಿ ಆಕ್ಲಾ ಮಗಾ."