‘ಪಾಲಿಶ್’ ಎಂಬ ಒಂದೇ ಮಾತಿನಲ್ಲಿ ಎರಡು ಕೆಲಸ: ಸವೆದ ಮರದ ನೆಲದ ಬಗ್ಗೆ ಒಂದು ಪದವಿಚಾರ

ಮರಗೆಲಸದ ಮಾತು ಬಲ್ಲವರಲ್ಲಿ ಒಂದು ವಿಚಾರಣೆ. ಕೊಪ್ಪದ ಸಮೀಪದ ನಮ್ಮ ಹಳೆಯ ಮನೆಯ ಮಹಡಿಯಲ್ಲಿ ಹಲಗೆಯ ನೆಲವಿದೆ. ಜಂತೆಗಳ ಮೇಲೆ ತೇಗ ಮತ್ತು ಹೊನ್ನೆಯ ಹಲಗೆಗಳನ್ನು ಹಾಸಿ ಮೊಳೆ ಹೊಡೆದದ್ದು. ಕೆಳಗಿನ ಕೋಣೆಯಿಂದ ತಲೆಯೆತ್ತಿ ನೋಡಿದರೆ ಅದೇ ಮುಚ್ಚಿಗೆ. ಮೆಟ್ಟಿಲ ತಲೆಯಿಂದ ಮಲಗುವ ಕೋಣೆಯವರೆಗೆ ಮೂರು ತಲೆಮಾರಿನವರು ನಡೆದಾಡಿದ ಜಾಡಿನಲ್ಲಿ ಹಳೆಯ ಮೆರುಗು ಪೂರ್ತಿಯಾಗಿ ಹೋಗಿ, ಮರ ಬೂದುಬಣ್ಣಕ್ಕೆ ತಿರುಗಿ, ಎಳೆಗಳು ಎದ್ದು ಬರಿಗಾಲಿಗೆ ಸಿಬಿರು ಚುಚ್ಚುವಂತಾಗಿತ್ತು. ಇದನ್ನು ಮತ್ತೆ ನಯಮಾಡಿ ಲೇಪ ಕೊಡಿಸುವ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬುದೇ ನನ್ನ ಪ್ರಶ್ನೆ. ಪದದ ಕೊರತೆಯಿಂದ ನಮ್ಮ ಮನೆಯಲ್ಲಿ ಒಂದು ಮಳೆಗಾಲದ ಕೆಲಸವೇ ಹಾಳಾಗಿದ್ದರಿಂದ ಇದನ್ನು ತುಸು ವಿವರವಾಗಿ ಕೇಳುತ್ತಿದ್ದೇನೆ.

ಮೊದಲ ಸಲ ಕೆಲಸದವರನ್ನು ಕರೆಸಿದಾಗ ತಂದೆಯವರು ಹೇಳಿದ್ದು ‘ಮಹಡಿಯ ನೆಲಕ್ಕೆ ಪಾಲಿಶ್ ಆಗಬೇಕು’ ಎಂದು. ಅವರ ಮನಸ್ಸಿನಲ್ಲಿದ್ದದ್ದು ಪೇಟೆಯ ಮನೆಗಳ ಮೊಸಾಯಿಕ್ ಪಾಲಿಶ್, ಅಂದರೆ ಯಂತ್ರಕ್ಕೆ ಸಾಣೆಕಲ್ಲು ಕಟ್ಟಿ, ನೀರು ಹಾಕುತ್ತ, ಸವೆದ ಮೇಲ್ಪದರವನ್ನು ಅರೆದು ತೆಗೆದು ಅಡಿಯ ಹೊಸ ಮೈಯನ್ನು ಹೊರತರುವ ಕೆಲಸ. ಬಂದವರ ಮನಸ್ಸಿನಲ್ಲಿದ್ದದ್ದು ಬಾಗಿಲು, ಕುರ್ಚಿ, ಮಂಚಗಳಿಗೆ ಹಚ್ಚುವ ಪಾಲಿಶ್, ಅಂದರೆ ಇದ್ದ ಮೈಯ ಮೇಲೆ ಹೊಸದೊಂದು ಪದರವನ್ನು ಸೇರಿಸುವ ಕೆಲಸ. ಅವರು ನೆಲ ಒರೆಸಿ, ಎರಡು ಕೋಟ್ ವಾರ್ನಿಶ್ ಬಳಿದು ಹೋದರು. ಆ ನೆಲಕ್ಕೆ ಹಿಂದೆ ಯಾವಾಗಲೋ ಮೇಣ ತಿಕ್ಕಿದ್ದರು. ಮೇಣದ ಮೇಲೆ ವಾರ್ನಿಶ್ ಕಚ್ಚಿ ಹಿಡಿಯುವುದಿಲ್ಲ. ಆಷಾಢದ ಮಳೆ ನಿಲ್ಲುವ ಮೊದಲೇ ಹೊಸ ಪದರ ಈರುಳ್ಳಿಯ ಸಿಪ್ಪೆಯಂತೆ ಎದ್ದಿತು. ಇದರಲ್ಲಿ ಕೆಲಸದವರ ತಪ್ಪನ್ನು ನಾನು ಎಣಿಸುವುದಿಲ್ಲ. ಎರಡೂ ಕಡೆಯವರು ಒಂದೇ ಪದವನ್ನು ತಂತಮ್ಮ ಬಳಕೆಯ ಸರಿಯಾದ ಅರ್ಥದಲ್ಲೇ ಆಡಿದ್ದರು. ಕಲ್ಲಿನ ನೆಲದ ಪಾಲಿಶ್ ಕಳೆಯುವ ಕೆಲಸ, ಮರದ ಪಾಲಿಶ್ ಕೂಡಿಸುವ ಕೆಲಸ. ಮರದ ನೆಲ ಮಾತ್ರ ಎರಡನ್ನೂ, ಅದೂ ಇದೇ ಕ್ರಮದಲ್ಲಿ, ಬೇಡುತ್ತದೆ.

ಮರುವರ್ಷ ಚಳಿಗಾಲದಲ್ಲಿ ಬಂದ ಹಿರಿಯ ಬಡಗಿಯೊಬ್ಬರು ಆ ಸಿಪ್ಪೆಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ‘ಕೀಸದೆ ಬಳಿದರೆ ನಿಲ್ಲೋದಿಲ್ಲ’ ಎಂದರು. ನಾನು ಹುಡುಕುತ್ತಿರುವ ಪದದ ಬೀಜ ಈ ಮೂರು ಮಾತಿನಲ್ಲಿದೆ ಎಂದು ನನಗೆ ಅನಿಸಿದೆ.

ಒಂದರ ಮೈಯನ್ನು ಇನ್ನೊಂದರಿಂದ ತಿಕ್ಕುವುದಕ್ಕೆ ಕನ್ನಡದಲ್ಲಿರುವಷ್ಟು ಕ್ರಿಯಾಪದಗಳನ್ನು ಒಂದೆಡೆ ಇಟ್ಟು ನೋಡಿದರೆ ಸಂತೋಷವಾಗುತ್ತದೆ, ಏಕೆಂದರೆ ಪ್ರತಿಯೊಂದಕ್ಕೂ ಅದರದೇ ಗುರಿಯಿದೆ. ಗಂಧವನ್ನು ತೇಯುತ್ತೇವೆ, ಅಲ್ಲಿ ಬೇಕಾದದ್ದು ತೇಯ್ದು ಬಂದ ಗಂಧ, ಕೊರಡು ಕರಗುತ್ತ ಹೋಗುತ್ತದೆ. ಕತ್ತಿಯನ್ನು ಮಸೆಯುತ್ತೇವೆ, ಅಲ್ಲಿ ಬೇಕಾದದ್ದು ಅಲಗು. ಚಿನ್ನವನ್ನು ಒರೆಗೆ ಹಚ್ಚುತ್ತೇವೆ. ಬೇಕಾದದ್ದು ಕಲ್ಲಿನ ಮೇಲೆ ಉಳಿಯುವ ಗೆರೆ. ಕಾಯಿಯನ್ನು ಹೆರೆಯುತ್ತೇವೆ, ಪಾತ್ರೆಯನ್ನು ಉಜ್ಜುತ್ತೇವೆ, ಮೀಸೆಯನ್ನು ತೀಡುತ್ತೇವೆ. ಮರವನ್ನು ಕೀಸುವಾಗ ಬೇಕಾದದ್ದು ಹಿಂದೆ ಉಳಿಯುವ ಮೈ. ಮೇಲಿಂದ ಎದ್ದು ಬಂದದ್ದು ಒಲೆಗೆ ಹೋಗುತ್ತದೆ. ಗುರಿಯಲ್ಲಿ ನೋಡಿದರೆ ಹಲಗೆಯ ನೆಲಕ್ಕೆ ‘ಕೀಸು’ ಎಂಬುದೇ ತಕ್ಕ ಪದ. ಆದರೆ ಒಂದು ತಕರಾರಿದೆ. ಬಿಗಿಯಾದ ಅರ್ಥದಲ್ಲಿ ಕೀಸುವುದು ಕೀಸುಳಿಯ ಕೆಲಸ, ಅಂದರೆ ಅಲಗಿನಿಂದ ಸಿಪ್ಪೆ ಎಬ್ಬಿಸುವುದು. ಉಪ್ಪುಕಾಗದದಿಂದ ಬರುವುದು ಸಿಪ್ಪೆಯಲ್ಲ, ಹುಡಿ. ನಮ್ಮ ಬಡಗಿಯವರು ಯಂತ್ರಕ್ಕೆ ಕಾಗದ ಕಟ್ಟಿ 36ನೇ ನಂಬರಿನಿಂದ ಆರಂಭಿಸಿ, 60ಕ್ಕೆ ಏರಿ, 100ರಲ್ಲಿ ಮುಗಿಸಿದರು. ಅವರು ಮೊದಲಿನ ಒರಟು ಸುತ್ತಿಗೆ ಮಾತ್ರ ‘ಕೀಸುವುದು’ ಎಂದು, ಕೊನೆಯ ಸುತ್ತಿಗೆ ‘ನಯಾ ತೆಗೆಯುವುದು’ ಎಂದು ಬೇರೆ ಬೇರೆಯಾಗಿ ಹೇಳುತ್ತಿದ್ದದ್ದನ್ನು ನಾನು ಗಮನಿಸಿದೆ. ಉಪಕರಣ ಬದಲಾದರೂ ಕೆಲಸದ ಗುರಿಯನ್ನು ಹಿಡಿದು ಪದವನ್ನು ಮುಂದುವರಿಸಿದ ಈ ಬಳಕೆ ನನಗೆ ಸರಿಯೆನಿಸುತ್ತದೆ. ನಿಮ್ಮ ಕಡೆಯ ಬಡಗಿಗಳು ಯಂತ್ರದ ಕೆಲಸಕ್ಕೂ ‘ಕೀಸು’ ಎನ್ನುತ್ತಾರೆಯೇ, ಅಥವಾ ‘ಹೆರೆ’, ‘ಉಜ್ಜು’ ಎನ್ನುತ್ತಾರೆಯೇ?

ಬರಹದ ಕನ್ನಡದಲ್ಲಿ ಸಿಗುವ ಪದಗಳು ನನಗೆ ಸಮಾಧಾನ ಕೊಟ್ಟಿಲ್ಲ. ‘ನವೀಕರಣ’ ಪರವಾನಗಿಗೂ ಆಗುತ್ತದೆ, ಬಸ್ ನಿಲ್ದಾಣಕ್ಕೂ ಆಗುತ್ತದೆ; ಅದರಲ್ಲಿ ಕೈಗೆಲಸದ ಸುಳಿವೇ ಇಲ್ಲ. ‘ಜೀರ್ಣೋದ್ಧಾರ’ ಗೌರವದ ಪದ. ನಮ್ಮ ಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ಬಿಟ್ಟ ಉಲ್ಲೇಖಗಳು ಮತ್ತೆ ಮತ್ತೆ ಬರುತ್ತವೆ, ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು ಸರಿಪಡಿಸುವುದು ಎಂಬ ಅದರ ಖಚಿತತೆ ಮೆಚ್ಚಬೇಕಾದದ್ದೇ. ಆದರೆ ಅದು ದೇಗುಲ, ಬಸದಿಗಳ ಮಾತಾಗಿ ನೆಲೆನಿಂತಿದೆ. ಅಲ್ಲದೆ ನಮ್ಮ ನೆಲ ಒಡೆದಿರಲಿಲ್ಲ, ಸವೆದಿತ್ತು. ಈ ವ್ಯತ್ಯಾಸವನ್ನು ಕಾಯ್ದುಕೊಳ್ಳಲೇಬೇಕು, ಏಕೆಂದರೆ ಮರ ಕೆಡುವ ಬಗೆಗಳಿಗೆ ಕನ್ನಡದಲ್ಲಿ ಬೇರೆ ಬೇರೆ ಪದಗಳೇ ಇವೆ. ನೀರು ಕುಡಿದು ಮೆತ್ತಗಾದದ್ದು ಕುಂಬು, ಹುಳ ಕೊರೆದು ಹುಡಿಯಾದದ್ದು ಕುಟ್ಟೆ ಹಿಡಿದದ್ದು, ಬಳಕೆಯಿಂದ ತೆಳುವಾದದ್ದು ಸವಕಳಿ. ಸವೆದ ಹಲಗೆಯನ್ನು ಮಾತ್ರ ಕೀಸಿ ಉಳಿಸಬಹುದು. ಕುಂಬಾದದ್ದನ್ನು ತೆಗೆದು ಹೊಸ ಹಲಗೆಯನ್ನೇ ಕೂರಿಸಬೇಕು.

‘ಮರುಲೇಪನ’ವನ್ನು ಸೂಚಿಸುವವರು ಇದ್ದಾರೆ. ಅದು ಅರ್ಧ ಕೆಲಸದ ಹೆಸರು, ಮತ್ತು ನಮ್ಮ ಮನೆಯಲ್ಲಿ ಕೆಟ್ಟದ್ದು ಆ ಅರ್ಧ ಕೆಲಸವೇ. ಇದಕ್ಕೆ ಎದುರಾಗಿ ಕಲಾಯಿಯ ಉದಾಹರಣೆಯನ್ನು ತರಬಹುದು ಎಂಬುದನ್ನು ಒಪ್ಪುತ್ತೇನೆ. ತಾಮ್ರದ ಹಂಡೆಗೆ ಕಲಾಯಿ ಹಾಕಿಸುವುದೆಂದರೆ ಹಳೆಯದನ್ನು ತಿಕ್ಕಿ ತೆಗೆದು, ಕಾಯಿಸಿ, ನವಸಾಗರ ಉದುರಿಸಿ, ತವರವನ್ನು ಹತ್ತಿಯಿಂದ ಸವರುವುದು. ಹೆಸರು ಬಂದದ್ದು ಕೊನೆಯ ಹಂತದಿಂದಲೇ ಆದರೂ ತಿಕ್ಕುವ ಕೆಲಸವನ್ನು ಆ ಮಾತು ತನ್ನೊಳಗೇ ಇಟ್ಟುಕೊಂಡಿದೆ, ಕೊಳೆಯ ಮೇಲೆ ತವರ ಸವರಿ ಹೋದವನನ್ನು ಯಾರೂ ಕಲಾಯಿಗಾರನೆನ್ನುವುದಿಲ್ಲ. ಆದರೆ ಆ ಅಡಕ ಬಂದದ್ದು ತಲೆಮಾರುಗಳ ಬಳಕೆಯಿಂದ. ಹೊಸದಾಗಿ ಕಟ್ಟುವ ಪದಕ್ಕೆ ಆ ಬೆಂಬಲವಿಲ್ಲ. ಆದ್ದರಿಂದ ಮರೆತುಹೋಗುವ ಹಂತವನ್ನೇ ಹೆಸರಿನಲ್ಲಿ ಮುಂದಿಡುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ: ‘ನೆಲ ಕೀಸಿಸುವುದು’, ಪೂರ್ತಿಯಾಗಿ ಹೇಳಬೇಕಾದಲ್ಲಿ ‘ಕೀಸಿ ಬಳಿಸುವುದು’.

ಇನ್ನೊಂದು ಹಗುರವಾದ ಕೆಲಸವೂ ಇದೆ. ಲೇಪ ಮಾಸಿದ್ದರೂ ಮರ ಹೊರಬೀಳದಿದ್ದಾಗ, ಹಳೆಯ ಲೇಪವನ್ನು ಸ್ವಲ್ಪ ಒರಟಾಗಿಸಿ, ಹುಡಿ ಒರೆಸಿ, ಅದರ ಮೇಲೆಯೇ ಇನ್ನೊಂದು ಪದರ ಎಳೆಯುತ್ತಾರೆ. ಮೇಣ ತಾಗದ ನೆಲಕ್ಕೆ ಇದು ಸಾಕು. ಇದಕ್ಕೂ ಕೀಸುವುದಕ್ಕೂ ಹೆಸರಿನಲ್ಲಿ ಭೇದ ಬೇಕು, ಏಕೆಂದರೆ ಕೀಸುವ ಪ್ರತಿ ಸಲವೂ ಹಲಗೆಯೇ ತೆಳುವಾಗುತ್ತದೆ. ಅಮೆರಿಕದಲ್ಲಿರುವ ನನ್ನ ತಂಗಿಯ ಮನೆಯಲ್ಲಿರುವುದು ಓಕ್ ಮರದ ನೆಲ. ಅಲ್ಲಿ ಸಾಮಾನ್ಯವಾದ 19 ಮಿಲಿಮೀಟರ್ ದಪ್ಪದ ಹಲಗೆಗಳಲ್ಲಿ ಒಂದರ ಅಂಚಿನ ನಾಲಿಗೆ ಪಕ್ಕದ ಹಲಗೆಯ ಕಚ್ಚಿನೊಳಗೆ ಕೂರುತ್ತದೆ, ಮತ್ತು ನಾಲಿಗೆಯ ಮೇಲೆ ಇರುವುದು ಸುಮಾರು 6 ಮಿಲಿಮೀಟರ್ ಮರ ಮಾತ್ರ. ಅಷ್ಟು ಸವೆದರೆ ನೆಲದ ಆಯಸ್ಸು ಮುಗಿಯಿತು. ಈ ಹಗುರ ಕೆಲಸಕ್ಕೆ ‘ಸಾರಿಸು’ ಎಂಬ ಪದವನ್ನು ನಾನು ತುಂಬ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಮಣ್ಣಿನ ನೆಲಕ್ಕೆ ಸಗಣಿ ಸಾರಿಸುವುದು ಸವೆದ ಮೈಗೆ ಹೊಸ ತೆಳುಪದರ ಕೊಡುವ ಕೆಲಸವೇ ಅಲ್ಲವೇ? ಆದರೆ ಇಂದು ಅನೇಕ ಮನೆಗಳಲ್ಲಿ ‘ನೆಲ ಸಾರಿಸು’ ಎಂದರೆ ನೀರಿನಿಂದ ಒರೆಸು ಎಂದೇ ಅರ್ಥ, ಮತ್ತು ಮರದ ನೆಲಕ್ಕೆ ನೀರು ಸುರಿಯುವುದು ಅದನ್ನು ಕೆಡಿಸುವ ಹತ್ತಿರದ ದಾರಿ. ಆ ಪದವನ್ನು ಮನಸ್ಸಿಲ್ಲದೆ ಬಿಟ್ಟಿದ್ದೇನೆ. ಇದಕ್ಕೆ ಒಳ್ಳೆಯ ಕ್ರಿಯಾಪದ ನನ್ನಲ್ಲಿಲ್ಲ.

ಬಳಿಯುವ ವಸ್ತುವಿನ ಹೆಸರಿನಲ್ಲೂ ತೊಡಕಿದೆ. ವಾರ್ನಿಶ್‌ಗೆ ‘ಮೆರುಗೆಣ್ಣೆ’ ಎಂಬ ಚೆಂದದ ಪದವಿದೆ. ಅಗಸೆ ಎಣ್ಣೆಗೆ ರಾಳ ಬೆರೆಸಿ ಕಾಯಿಸುತ್ತಿದ್ದ ಕಾಲಕ್ಕೆ ಅದು ಅಕ್ಷರಶಃ ಸರಿ. ನೀರಿನಲ್ಲಿ ಕದಡಿ ಬರುವ ಈಗಿನ ಪಾಲಿಯುರೆಥೇನ್‌ನಲ್ಲಿ ಆ ಎಣ್ಣೆಯಿಲ್ಲ. ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವ ಅರಗನ್ನಂತೂ ‘ಅರಗು’ ಎಂದೇ ಕರೆಯಬೇಕು. ಚನ್ನಪಟ್ಟಣದ ಗೊಂಬೆಗಳ ಮೇಲೆ ಹೊಳೆಯುವುದೂ ಅರಗೇ, ಅಲ್ಲಿ ಅದನ್ನು ಕರಗಿಸುವುದು ಸ್ಪಿರಿಟ್ ಅಲ್ಲ, ತಿರುಗುವ ಮರದ ಉಜ್ಜಾಟದ ಬಿಸಿ. ಈ ಮೂರನ್ನೂ ಒಳಗೊಳ್ಳುವಂತೆ ಬರಿಯ ‘ಮೆರುಗು’ ಸಾಕಾಗಬಹುದೇ? ಜೊತೆಗೆ, ಎಣ್ಣೆಯ ಲೇಪ ಮುಟ್ಟಿದರೆ ಅಂಟದಂತಾಗಲು ಒಂದು ದಿನ ಸಾಕಾದರೂ, ಒಳಗಿನಿಂದ ಪೂರ್ತಿ ಗಟ್ಟಿಯಾಗಲು ವಾರಗಳೇ ಬೇಕು. ಮೊದಲನೆಯದು ‘ಒಣಗುವುದು’. ಎರಡನೆಯದಕ್ಕೆ ಬಿದಿರಿಗೆ, ತೆಂಗಿನಕಾಯಿಗೆ ಹೇಳುವ ‘ಬಲಿಯುವುದು’ ಒಪ್ಪುತ್ತದೆ ಎಂದುಕೊಂಡಿದ್ದೇನೆ: ‘ಲೇಪ ಒಣಗಿದೆ, ಇನ್ನೂ ಬಲಿತಿಲ್ಲ, ಮಂಚ ಎಳೆಯಬೇಡಿ.’

ಇಂಗ್ಲಿಷಿನ ‘ಹಾರ್ಡ್‌ವುಡ್’ಗೆ ಹೇಳುವ ‘ಗಟ್ಟಿಮರ’ದ ಬಗ್ಗೆ ಒಂದೇ ಮಾತು. ಸಸ್ಯಶಾಸ್ತ್ರದ ವಿಂಗಡಣೆಯಂತೆ ಬೂರುಗವೂ ಆ ಗುಂಪಿಗೇ ಸೇರುತ್ತದೆ, ಆದರೆ ಬೂರುಗವನ್ನು ಗಟ್ಟಿಮರವೆಂದು ಒಪ್ಪುವ ಬಡಗಿಯಿಲ್ಲ. ನೆಲಕ್ಕೆ ಹಲಗೆ ಆರಿಸುವವರು ಕೇಳುವುದು ಕೆಚ್ಚು ಅಥವಾ ಚೇಗು ಎಷ್ಟಿದೆ ಎಂದು. ‘ಕೆಚ್ಚೆದೆ’ ಎಂಬ ಪದದಲ್ಲಿರುವ ಕೆಚ್ಚೂ ಇದೇ, ಮರದ ನಡುವಿನ ಗಟ್ಟಿ ತಿರುಳು. ಹಾಸುಗಲ್ಲಿನಂತೆ ‘ಹಾಸುಹಲಗೆ’ ಎಂದು, ಬೇಕಾದಲ್ಲಿ ‘ಕೆಚ್ಚಿನ ಹಾಸುಹಲಗೆ’ ಎಂದು ಬರೆದರೆ ಓದುವವರಿಗೆ ತಿಳಿಯುತ್ತದೆಂದು ನನ್ನ ನಂಬಿಕೆ.

ಮಲೆನಾಡು, ಕೊಡಗು, ಕರಾವಳಿಯ ಮರದ ಮಹಡಿಗಳಲ್ಲಿ ಬೆಳೆದವರು ದಯವಿಟ್ಟು ತಿಳಿಸಬೇಕು: ಮಳೆಗಾಲ ಕಳೆದ ಮೇಲೆ ಮುಚ್ಚಿಗೆಯ ಮೇಲ್ಮೈಯನ್ನು ತಿಕ್ಕಿ ಎಣ್ಣೆಯನ್ನೋ ಮೇಣವನ್ನೋ ಹಚ್ಚುತ್ತಿದ್ದ ಕೆಲಸಕ್ಕೆ ನಿಮ್ಮ ಮನೆಯ ಹಿರಿಯರು ಏನೆನ್ನುತ್ತಿದ್ದರು?